ಆಯಿಯ ಕಣ್ಣು ಮತ್ತು ನಮ್ಮ ಅಗ್ಗದ ಫ್ಲಾಶ್

ಹಳೆಯ ಫೋಟೋಗಳ ಆಲ್ಬಮ್ ಇಲ್ಲದ ಮನೆ ನಮ್ಮಲ್ಲಿ ವಿರಳ. ಮದುವೆ, ಕುಬಸ, ತೊಟ್ಟಿಲು, ವಾಸ್ತುಶಾಂತಿ ಎಂದು ಯಾವ ಕಾರ್ಯವಿದ್ದರೂ ಕ್ಯಾಮೆರಾ ಬಂದೇ ಬರುತ್ತಿತ್ತು. 1980ರಿಂದ 2000ದವರೆಗಿನ ಆ ಆಲ್ಬಮ್‌ಗಳನ್ನು ಈಗ ತೆರೆದು ನೋಡಿದರೆ ಎಲ್ಲರ ಮನೆಯಲ್ಲಿಯೂ ಒಂದೇ ತರಹದ ಚಿತ್ರಗಳು. ಮುಂದೆ ಕುಳಿತವರ ಮುಖ ಸುಣ್ಣ ಬಳಿದ ಹಾಗೆ ಬಿಳಿ. ಹಿಂದೆ ನಿಂತವರು ಅರೆಗತ್ತಲೆಯಲ್ಲಿ. ಗೋಡೆಯ ಮೇಲೆ ಪ್ರತಿಯೊಬ್ಬರ ಬೆನ್ನಿಗೂ ಒಂದೊಂದು ಕಪ್ಪು ನೆರಳು. ಮಕ್ಕಳ ಕಣ್ಣು ಕೆಂಡದ ಹಾಗೆ ಕೆಂಪು. ಕನ್ನಡಕ ಹಾಕಿದವರಿಗಂತೂ ಕಣ್ಣಿನ ಜಾಗದಲ್ಲಿ ಎರಡು ಬಿಳಿ ಬಿಲ್ಲೆಗಳು. "ಫೋಟೋ ಛಲೋ ಬಂದಿಲ್ಲ" ಎಂದು ಎಲ್ಲರೂ ತೆಗೆದವರನ್ನು, ರೋಲನ್ನು, ಕ್ಯಾಮೆರಾವನ್ನು ಬೈದು ಸುಮ್ಮನಾಗುತ್ತಿದ್ದರು. ಆದರೆ ಬಹಳಷ್ಟು ಸಲ ದೋಷವಿರುವುದು ಬೆಳಕು ನಿಂತ ಜಾಗದಲ್ಲಿ. ಈ ಮಾತನ್ನು ನಮಗೆ ಕಲಿಸಿದ್ದು ನಮ್ಮ ಆಯಿಯ ಕನ್ನಡಕ.

ನಾವೆಂದರೆ ಇಬ್ಬರು ಅಣ್ಣತಮ್ಮಂದಿರು. ಊರು ಅಕ್ಕಲಕೋಟ ತಾಲೂಕಿನಲ್ಲಿ. ನಮ್ಮಲ್ಲಿ ಹಿರಿಯವ ಕನ್ನಡ ಶಾಲೆಯ ಮಾಸ್ತರ. ಕಿರಿಯವ ಸೋಲಾಪುರದಲ್ಲಿ ರೇಡಿಯೋ, ಟಿ.ವಿ. ರಿಪೇರಿ ಕಲಿತವ. ಒಬ್ಬನಿಗೆ ಫೋಟೋ ತೆಗೆಯುವ ಹುಚ್ಚು, ಇನ್ನೊಬ್ಬನಿಗೆ ಏನನ್ನಾದರೂ ಬಿಚ್ಚಿ ನೋಡುವ ಹುಚ್ಚು. ಎರಡೂ ಹುಚ್ಚು ಒಂದೇ ಮನೆಯಲ್ಲಿ ಇದ್ದುದರಿಂದ ಈ ಕೆಲಸಕ್ಕೆ ಕೈ ಹಾಕುವುದು ಸಾಧ್ಯವಾಯಿತು.

ಆಯಿ ಎಂದರೆ ನಮ್ಮ ತಂದೆಯ ತಾಯಿ. 1991ರಲ್ಲಿ ಆಕೆಯ ಎರಡೂ ಕಣ್ಣಿಗೆ ಪೊರೆಯ ಆಪರೇಶನ್ ಆಯಿತು. ಈಗಿನ ಹಾಗೆ ಕಣ್ಣಿನ ಒಳಗೇ ಮಸೂರ ಕೂಡಿಸುವುದು ಆಗ ನಮ್ಮ ಕಡೆಯ ಶಿಬಿರಗಳಲ್ಲಿ ಇನ್ನೂ ರೂಢಿಗೆ ಬಂದಿರಲಿಲ್ಲ. ಪೊರೆ ಬಂದ ಮಸೂರವನ್ನು ತೆಗೆದು, ಅದರ ಬದಲು ಸೋಡಾ ಬಾಟಲಿಯ ತಳದಂತಹ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಆ ಕನ್ನಡಕ ಬಂದ ಮೇಲೆ ಆಯಿ ಮತ್ತೆ ಅಕ್ಕಿ ಆರಿಸಿದಳು, ಮೊಮ್ಮಕ್ಕಳ ಮುಖ ಗುರುತಿಸಿದಳು. ಆದರೆ ಅಂದಿನಿಂದ ಮನೆಯ ಯಾವ ಫೋಟೋದಲ್ಲಿಯೂ ಆಯಿಯ ಕಣ್ಣು ಇಲ್ಲ. ಫ್ಲಾಶ್ ಹಾರಿದಾಗಲೆಲ್ಲ ಆ ದಪ್ಪ ಗಾಜು ಬೆಳಕನ್ನು ನೇರ ಕ್ಯಾಮೆರಾಕ್ಕೇ ಮರಳಿ ಕೊಡುತ್ತಿತ್ತು. ಅದಕ್ಕೂ ಮೊದಲಿನದು ಒಂದೇ ಒಂದು ಫೋಟೋ. ಅದರಲ್ಲಿ ಸೆರಗು ಹಣೆಯವರೆಗೆ ಎಳೆದುಕೊಂಡು ನೆಲ ನೋಡುತ್ತ ನಿಂತಿದ್ದಾಳೆ.

1996ರ ಹೊತ್ತಿಗೆ ಆಯಿಗೆ ಎಂಬತ್ತು ದಾಟಿತ್ತು. ಕಣ್ಣು ಕಾಣುವ ಹಾಗೆ ಒಂದಾದರೂ ಫೋಟೋ ತೆಗೆದಿಡಬೇಕು ಎಂದು ನಮ್ಮಿಬ್ಬರ ಮನಸ್ಸಿನಲ್ಲಿಯೂ ಬಂತು. ಕನ್ನಡಕ ತೆಗೆಸಿ ನೋಡಿದೆವು. ಕನ್ನಡಕ ಇಲ್ಲದಿದ್ದರೆ ಆಕೆಗೆ ಎದುರಿನದು ಏನೂ ಕಾಣದು. ಹುಬ್ಬು ಗಂಟಿಕ್ಕಿ, ಎಲ್ಲಿಯೋ ಬಯಲು ನೋಡುವಳು. ಅದು ನಮ್ಮ ಆಯಿಯ ಮುಖವೇ ಆಗುತ್ತಿರಲಿಲ್ಲ. ಅಂಗಳದ ಬಿಸಿಲಿಗೆ ಕೂಡಿಸಿದರೆ ಕಣ್ಣು ಮುಚ್ಚಿಕೊಳ್ಳುವಳು. ಒಳಗೆ ಕಿಟಕಿಯ ಬೆಳಕಿನಲ್ಲಿ ತೆಗೆಯೋಣವೆಂದರೆ ನಮ್ಮದು ಹಳೆಯ ಕಲ್ಲಿನ ಮನೆ, ಕಿಟಕಿಗಳು ಸಣ್ಣವು. ಆ ಮಂದ ಬೆಳಕಿಗೆ ಶಟರನ್ನು ಕಾಲು ಸೆಕೆಂಡಿನಷ್ಟು ತೆರೆದಿಡಬೇಕು. ವಯಸ್ಸಿನಿಂದ ಆಯಿಯ ತಲೆ ಸದಾ ಸ್ವಲ್ಪ ನಡುಗುತ್ತಿತ್ತು, ಚಿತ್ರ ಅಲುಗುವುದು ಖಂಡಿತ. ಹೀಗಾಗಿ ಫ್ಲಾಶ್ ಬೇಕೇ ಬೇಕು. ಅದರ ಬೆಳಕು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ಮಾತ್ರ ಇರುವುದರಿಂದ ತಲೆಯ ನಡುಕ ಚಿತ್ರದಲ್ಲಿ ಕಾಣುವುದಿಲ್ಲ. ಆದರೆ ಅದೇ ಫ್ಲಾಶ್ ಕಣ್ಣನ್ನು ಮುಚ್ಚಿಹಾಕುತ್ತದೆ. ಇದು ನಮ್ಮ ಮುಂದಿದ್ದ ತೊಡಕು.

ಫೋಟೋಗಾಗಿ ಬೆಳಕು ಹಾರಿಸುವ ಕೆಲಸಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೊಹಾನ್ನೆಸ್ ಗೇಡಿಕೆ ಎಂಬವರು ಮೆಗ್ನೀಸಿಯಮ್ ಬೆರೆಸಿದ ಪುಡಿ ತಯಾರಿಸಿದರು. ಅದನ್ನು ಉರಿಸಿದರೆ ಬೆಳಕಿನ ಜೊತೆಗೆ ಹೊಗೆ, ಸುಟ್ಟ ಗಾಯ ಎಲ್ಲವೂ ಬರುತ್ತಿದ್ದವು. 1929ರಲ್ಲಿ ಜರ್ಮನಿಯಲ್ಲಿಯೇ ಗಾಜಿನ ಬಲ್ಬಿನೊಳಗೆ ಉರಿದು ಮುಗಿಯುವ ಫ್ಲಾಶ್ ಮಾರಾಟಕ್ಕೆ ಬಂತು. ಒಂದು ಬಲ್ಬಿಗೆ ಒಂದೇ ಫೋಟೋ. ಮತ್ತೆ ಮತ್ತೆ ಹಾರಿಸಬಹುದಾದ ಇಲೆಕ್ಟ್ರಾನಿಕ್ ಫ್ಲಾಶ್ ಬೆಳೆದದ್ದು 1931ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಹೆರಾಲ್ಡ್ ಎಡ್ಜರ್ಟನ್ ಅವರ ಕೆಲಸದಿಂದ. ಮುಂದೆ ಅದೇ ಸಣ್ಣದಾಗಿ, ಅಗ್ಗವಾಗಿ, ನಮ್ಮಂತಹವರ ಕೈಗೂ ಬಂತು.

ನಮ್ಮ ಕೈಗೆ ಬಂದದ್ದು ಸೆಕೆಂಡ್ ಹ್ಯಾಂಡಿನ ಒಂದು ಪೆಂಟಾಕ್ಸ್ ಕೆ 1000 ಕ್ಯಾಮೆರಾ ಮತ್ತು ಅದರ ಜೊತೆಗೆ ಹೆಸರಿಲ್ಲದ ಒಂದು ಸಣ್ಣ ಫ್ಲಾಶ್. ಸಾಬೂನಿನ ಪೆಟ್ಟಿಗೆಯಷ್ಟು ಗಾತ್ರ, ನಾಲ್ಕು ಪೆನ್ಸಿಲ್ ಸೆಲ್ಲು, ಒಂದು ಗುಂಡಿ, ಒಂದು ಕೆಂಪು ದೀಪ. ಶಕ್ತಿ ಕಡಿಮೆ ಮಾಡುವ ವ್ಯವಸ್ಥೆ ಇಲ್ಲ, ತಲೆ ತಿರುಗಿಸುವಂತಿಲ್ಲ. ಕ್ಯಾಮೆರಾದ ನೆತ್ತಿಯ ಮೇಲಿನ ಕೊಂಡಿಗೆ ಸಿಕ್ಕಿಸಿದರೆ ನೇರ ಮುಂದೆ ನೋಡುವುದು, ಅಷ್ಟೇ.

ಅಂತಹ ಫ್ಲಾಶ್ ಮುಖವನ್ನು ಯಾಕೆ ಕೆಡಿಸುತ್ತದೆ? ಕಾರಣ ಮೂರು. ಮೊದಲನೆಯದು, ಜಾಗ. ಬೆಳಕು ಯಾವ ಕೋನದಲ್ಲಿ ಗಾಜಿಗೆ ಬಡಿಯುವುದೋ ಅದೇ ಕೋನದಲ್ಲಿ ಮರಳುತ್ತದೆ. ಫ್ಲಾಶು, ಲೆನ್ಸು ಎರಡೂ ಒಂದರ ಮೇಲೊಂದು ಇದ್ದಾಗ ಕನ್ನಡಕದಿಂದ ಮರಳಿದ ಬೆಳಕು ಲೆನ್ಸಿನೊಳಗೇ ಹೋಗುತ್ತದೆ. ಮಕ್ಕಳ ಕಣ್ಣು ಕೆಂಪಾಗುವುದೂ ಇದರಿಂದಲೇ. ಪಾಪೆಯೊಳಗೆ ಹೋದ ಬೆಳಕು ಕಣ್ಣಿನ ಹಿಂಬದಿಯ ರಕ್ತದ ಪದರಕ್ಕೆ ತಾಗಿ, ಬಂದ ದಾರಿಯಲ್ಲಿಯೇ ಹೊರಗೆ ಬರುತ್ತದೆ. ಎರಡನೆಯದು, ಗಾತ್ರ. ಬೆಳಕಿನ ಮೂಲ ಸಣ್ಣದಿದ್ದಷ್ಟೂ ನೆರಳಿನ ಅಂಚು ಹರಿತ. ಮಧ್ಯಾಹ್ನದ ಬಿಸಿಲಿನ ನೆರಳಿಗೂ ಮೋಡ ಕವಿದ ದಿನದ ನೆರಳಿಗೂ ಇರುವ ವ್ಯತ್ಯಾಸ ನೆನೆದರೆ ಇದು ತಿಳಿಯುತ್ತದೆ. ಮೂರನೆಯದು, ದೂರ. ಬೆಳಕಿನಿಂದ ಎರಡು ಪಟ್ಟು ದೂರ ಹೋದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. ಅದಕ್ಕೇ ಮುಂದಿನವರು ಬಿಳಿ, ಹಿಂದಿನವರು ಕಪ್ಪು.

ಹಾಗಾದರೆ ಉಪಾಯವೂ ಸ್ಪಷ್ಟ. ಫ್ಲಾಶನ್ನು ಕ್ಯಾಮೆರಾದಿಂದ ದೂರ ಸರಿಸಬೇಕು, ಅದರ ಬೆಳಕನ್ನು ಅಗಲ ಮಾಡಬೇಕು. ಪೇಟೆಯಲ್ಲಿ ಇದಕ್ಕೆಲ್ಲ ತಯಾರಿ ಸಾಮಾನು ಇತ್ತು. ಆದರೆ ಅದರ ಬೆಲೆ ನಮ್ಮ ಫ್ಲಾಶಿನ ಬೆಲೆಯ ಹಲವು ಪಟ್ಟು. ನಾವೇ ಮಾಡಿಕೊಳ್ಳುವುದೆಂದು ನಿಶ್ಚಯಿಸಿದೆವು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಈ ಪತ್ರಿಕೆ ಮಕ್ಕಳಿರುವ ಮನೆಗಳಿಗೆ ಹೋಗುತ್ತದೆ, ಆದ್ದರಿಂದ ಉಳಿದದ್ದನ್ನು ಮರೆತರೂ ಇದನ್ನು ಮಾತ್ರ ಮರೆಯಬಾರದು. ನಾಲ್ಕು ಸೆಲ್ಲಿಗೆ ಒಟ್ಟು 6 ವೋಲ್ಟು, ಅದರಿಂದ ಏನಾದೀತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಫ್ಲಾಶಿನ ಹೊಟ್ಟೆಯೊಳಗೆ ಒಂದು ಟ್ರಾನ್ಸಿಸ್ಟರ್ ಮತ್ತು ಸಣ್ಣ ಟ್ರಾನ್ಸ್‌ಫಾರ್ಮರ್ ಸೇರಿ ಆ 6 ವೋಲ್ಟನ್ನು ಸುಮಾರು 300 ವೋಲ್ಟಿಗೆ ಏರಿಸುತ್ತವೆ. ಗುಂಡಿ ಒತ್ತಿದಾಗ ಕೇಳುವ ಕುಂಯ್ ಎಂಬ ಸಣ್ಣ ಸದ್ದು ಅದರದ್ದೇ. ಹೀಗೆ ಏರಿಸಿದ್ದನ್ನು ಕೆಪ್ಯಾಸಿಟರ್ ಎಂಬ ಹೆಬ್ಬೆರಳು ಗಾತ್ರದ ಡಬ್ಬಿ ಕೂಡಿಟ್ಟುಕೊಳ್ಳುತ್ತದೆ. ಅದು ತುಂಬಿದಾಗ ಕೆಂಪು ದೀಪ ಹತ್ತುತ್ತದೆ. ಫೋಟೋ ತೆಗೆದಾಗ ಇನ್ನೊಂದು ಸಣ್ಣ ಸುರುಳಿ ಸುಮಾರು 4000 ವೋಲ್ಟಿನ ಒಂದು ಚಿಟಿಕೆ ಕೊಟ್ಟು, ಗಾಜಿನ ಕೊಳವೆಯಲ್ಲಿರುವ ಜೆನಾನ್ ಅನಿಲವನ್ನು ಎಚ್ಚರಿಸುತ್ತದೆ. ಆಗ ಕೆಪ್ಯಾಸಿಟರಿನಲ್ಲಿ ಕೂಡಿದ್ದೆಲ್ಲ ಒಮ್ಮೆಲೆ ಕೊಳವೆಯೊಳಗೆ ಹಾಯ್ದು ಬೆಳಕಾಗುತ್ತದೆ.

ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟು. ಈ ಸಾಬೂನು ಪೆಟ್ಟಿಗೆಯಲ್ಲಿ ಅದಕ್ಕಿಂತ ಹೆಚ್ಚು. 300 ಮೈಕ್ರೋಫ್ಯಾರಡಿನ ಕೆಪ್ಯಾಸಿಟರಿನಲ್ಲಿ 330 ವೋಲ್ಟು ತುಂಬಿದರೆ ಕೂಡುವ ಶಕ್ತಿ ಸುಮಾರು 16 ಜೌಲ್. ಒಂದು ಕಿಲೋ ತೂಕದ ಕಲ್ಲನ್ನು ಒಂದೂವರೆ ಮೀಟರಿಗಿಂತ ಎತ್ತರಕ್ಕೆ ಎತ್ತುವಷ್ಟು. ಅದು ಸಾವಿರದ ಒಂದು ಪಾಲು ಸೆಕೆಂಡಿನಲ್ಲಿ ಹೊರಗೆ ಬರಬಲ್ಲದು. ಎಲ್ಲಕ್ಕಿಂತ ಮೋಸದ ಸಂಗತಿ ಎಂದರೆ, ಸೆಲ್ಲು ತೆಗೆದ ಮೇಲೂ ಅದು ಒಳಗೆ ಹಾಗೆಯೇ ಕುಳಿತಿರುತ್ತದೆ. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ. ಕೆಂಪು ದೀಪ ಆರಿದೆ ಎಂದರೆ ಖಾಲಿಯಾಗಿದೆ ಎಂದು ಅರ್ಥವಲ್ಲ.

ನಮ್ಮಲ್ಲಿ ಕಿರಿಯವ ರಿಪೇರಿ ಕಲಿತ ಅಂಗಡಿಯ ಉಸ್ತಾದರು ಹೊಸ ಹುಡುಗರಿಗೆ ಮೊದಲ ದಿನವೇ ಒಂದು ಸ್ಕ್ರೂ ಡ್ರೈವರ್ ತೋರಿಸುತ್ತಿದ್ದರು. ಅದರ ತುದಿ ಇಲಿ ಕಡಿದಂತೆ ಕಚ್ಚುಕಚ್ಚಾಗಿತ್ತು. ತುಂಬಿದ ಫ್ಲಾಶಿನ ಕೆಪ್ಯಾಸಿಟರಿಗೆ ತಾಗಿ ಲೋಹವೇ ಕರಗಿದ ಗುರುತು. "ಕಬ್ಬಿಣದ ಗತಿ ಇದು. ನಿಮ್ಮ ಬೆರಳಿನ ಗತಿ ನೀವೇ ವಿಚಾರ ಮಾಡ್ರಿ" ಎನ್ನುತ್ತಿದ್ದರು. ನಮ್ಮ ಪಕ್ಕದ ಓಣಿಯ ಹುಡುಗನೊಬ್ಬ ಗುಜರಿಯಿಂದ ತಂದ ಹಳೆಯ ಕ್ಯಾಮೆರಾ ಬಿಚ್ಚಲು ಹೋಗಿ, ಹೊಡೆತಕ್ಕೆ ಕೈ ಹಿಂದೆ ಸಿಡಿದು ಬಾಗಿಲಿನ ಚೌಕಟ್ಟಿಗೆ ಬಡಿದು ಮೊಣಕೈ ಮುರಿದುಕೊಂಡ. ಹೃದಯದ ತೊಂದರೆ ಇದ್ದವರಿಗೆ ಇಂತಹ ಹೊಡೆತ ಇನ್ನೂ ಅಪಾಯ. ಇಂದಿಗೂ ಮಕ್ಕಳು ಮೊಬೈಲಿನಲ್ಲಿ ವಿಡಿಯೋ ನೋಡಿ, ಹಳೆಯ ಕ್ಯಾಮೆರಾದ ಫ್ಲಾಶಿನಿಂದ ಶಾಕ್ ಕೊಡುವ ಆಟಿಕೆ ಮಾಡಲು ಹೊರಡುತ್ತಾರೆ. ತಾಯಿತಂದೆಯರು ಇದನ್ನು ತಿಳಿದಿರಬೇಕು. ಹಳೆಯ ಫ್ಲಾಶ್ ಇರುವ ಕ್ಯಾಮೆರಾವನ್ನು ಆಟಕ್ಕೆ ಕೊಡಬೇಡಿ.

ಆದ್ದರಿಂದ ಮೊದಲೇ ನಾವು ಒಂದು ಕಟ್ಟಳೆ ಹಾಕಿಕೊಂಡೆವು. ಫ್ಲಾಶಿನ ಹೊಟ್ಟೆ ಬಿಚ್ಚುವುದಿಲ್ಲ, ಏನು ಮಾಡಿದರೂ ಹೊರಗೆ. ಬಿಚ್ಚಲು ಬಾರದವರು ನಾವಲ್ಲ. ತಕ್ಕ ರೆಸಿಸ್ಟರ್ ಹಚ್ಚಿ ಕೆಪ್ಯಾಸಿಟರ್ ಇಳಿಸಿ, ಮೀಟರಿನಿಂದ ಖಾತ್ರಿ ಮಾಡಿಕೊಳ್ಳುವ ಕ್ರಮ ಕಿರಿಯವನಿಗೆ ಗೊತ್ತಿತ್ತು. ಆದರೆ ಬೇಕಾದದ್ದು ಒಳಗೆ ಇರಲೇ ಇಲ್ಲ. ನಮಗೆ ಬೇಕಾದದ್ದು ಜಾಗ ಮತ್ತು ಅಗಲ. ಅವೆರಡೂ ಪೆಟ್ಟಿಗೆಯ ಹೊರಗಿನ ಮಾತು.

ಮೊದಲ ಕೆಲಸ ತಂತಿ. ಕ್ಯಾಮೆರಾದ ನೆತ್ತಿಯ ಕೊಂಡಿಯಲ್ಲಿ ನಡುವೆ ಒಂದು ಬಿಂದು ಇರುತ್ತದೆ, ಬದಿಯ ಪಟ್ಟಿ ಇನ್ನೊಂದು. ಶಟರ್ ತೆರೆದಾಗ ಕ್ಯಾಮೆರಾ ಆ ಎರಡನ್ನೂ ಒಳಗೇ ಕೂಡಿಸುತ್ತದೆ, ಫ್ಲಾಶ್ ಹಾರುತ್ತದೆ. ಗೋಡೆಯ ಸ್ವಿಚ್ಚಿನಷ್ಟೇ ಸರಳ. ಆ ಎರಡು ಬಿಂದುಗಳಿಂದ ಎರಡೆಳೆಯ ತಂತಿ ಎಳೆದು ದೂರದ ಫ್ಲಾಶಿಗೆ ಮುಟ್ಟಿಸಿದರೆ ಸಾಕು. ಸೋಲಾಪುರದ ಒಂದು ಸ್ಟುಡಿಯೋದಲ್ಲಿ ಕೆಟ್ಟು ಬಿದ್ದ ಫ್ಲಾಶಿನ ಪಾದ ಸಿಕ್ಕಿತು. ಅದು ಕ್ಯಾಮೆರಾದ ಕಡೆಗೆ. ಫ್ಲಾಶ್ ಕೂಡಿಸುವ ಕೊಂಡಿ ಮಾತ್ರ ಊರಲ್ಲಿ ಸಿಗಲಿಲ್ಲ. ಬೇರೊಂದು ಕೆಲಸಕ್ಕೆ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಹೋದಾಗ ಲ್ಯಾಮಿಂಗ್ಟನ್ ರೋಡಿನ ಇಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿನಲ್ಲಿ ಹುಡುಕಿ ತಂದೆವು. ನಡುವೆ ಸ್ಪೀಕರಿಗೆ ಹಾಕುವ ಸಾದಾ ತಂತಿ, 5 ಮೀಟರ್. ಎರಡೂ ತುದಿಗೆ ಬೆಸುಗೆ, ಅದರ ಮೇಲೆ ರಬ್ಬರಿನ ತೋಳು, ಅದರ ಮೇಲೆ ಕಪ್ಪು ಟೇಪು. ಇಷ್ಟು ಬಂದೋಬಸ್ತು ಯಾಕೆಂದರೆ, ಹಳೆಯ ಫ್ಲಾಶ್‌ಗಳ ಕೊಂಡಿಯಲ್ಲಿಯೂ ನೂರಿನ್ನೂರು ವೋಲ್ಟು ಇರುತ್ತದೆ. ಒಳಗಿನಷ್ಟು ಅಪಾಯವಿಲ್ಲದಿದ್ದರೂ ಬರಿಗೈಗೆ ತಾಗಿದರೆ ಚುರುಕು ಮುಟ್ಟಿಸುತ್ತದೆ.

ತಂತಿ ಸರಿಯಾಗಿದೆಯೇ ಎಂದು ರೋಲು ಖರ್ಚು ಮಾಡದೆ ಪರೀಕ್ಷಿಸುವ ಒಂದು ಉಪಾಯವಿದೆ. ಕ್ಯಾಮೆರಾ ಖಾಲಿ ಇಟ್ಟು, ಹಿಂದಿನ ಬಾಗಿಲು ತೆರೆದು, ಫ್ಲಾಶನ್ನು ಬಿಳಿ ಗೋಡೆಗೆ ಹಿಡಿದು, ಹಿಂದಿನಿಂದ ನೋಡುತ್ತ ಶಟರ್ ಒತ್ತಬೇಕು. ಪೂರ್ತಿ ಚೌಕ ಬೆಳಗಿ ಕಂಡರೆ ಸರಿ. ಅರ್ಧ ಚೌಕ ಕಂಡರೆ ಶಟರಿನ ವೇಗ ಹೆಚ್ಚಾಯಿತು ಎಂದು ತಿಳಿಯಬೇಕು. ನಮ್ಮ ಕ್ಯಾಮೆರಾದಲ್ಲಿ ಫ್ಲಾಶಿಗೆ ಹೊಂದುವ ವೇಗ ಸೆಕೆಂಡಿನ 60ರ ಒಂದು ಪಾಲು. ಮನೆಯ ಹುಡುಗರೆಲ್ಲ ಸಾಲು ನಿಂತು ಆ ಚೌಕವನ್ನು ನೋಡಿದರು.

ಎರಡನೆಯ ಕೆಲಸ ಅಗಲ. ಫ್ಲಾಶಿನ ಮುಂದೆ ಬಿಳಿ ಕರವಸ್ತ್ರ ಕಟ್ಟಿದರೆ ಬೆಳಕು ಮೆತ್ತಗಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಕರವಸ್ತ್ರ ಬೆಳಕನ್ನು ಕಡಿಮೆ ಮಾಡುತ್ತದೆ, ಹತ್ತಿರದಿಂದ ತೆಗೆಯುವಾಗ ಅದರ ಉಪಯೋಗವೂ ಇದೆ. ಆದರೆ ಬೆಳಕಿನ ಮೂಲದ ಅಗಲ ಮೊದಲು ಎರಡು ಇಂಚು ಇದ್ದದ್ದು ಕರವಸ್ತ್ರ ಕಟ್ಟಿದ ಮೇಲೂ ಹೆಚ್ಚುಕಡಿಮೆ ಎರಡೇ ಇಂಚು. ನೆರಳಿನ ಅಂಚು ಮೃದುವಾಗಬೇಕಾದರೆ ಬೆಳಕು ಮೊದಲು ಒಂದು ದೊಡ್ಡ ಬಿಳಿ ಮೇಲ್ಮೈಗೆ ಬಡಿದು ಅಲ್ಲಿಂದ ಮುಖಕ್ಕೆ ಬರಬೇಕು. ಅಂತಹ ದೊಡ್ಡ ಹಗುರವಾದ ವಸ್ತು ಅಡಿಗೆಮನೆಯಲ್ಲಿಯೇ ಇತ್ತು, ಕಾಳು ಹಸನು ಮಾಡುವ ಬಿದಿರಿನ ಮೊರ. ಅದರ ಒಳಮೈಗೆ ಬಿಳಿ ಡ್ರಾಯಿಂಗ್ ಕಾಗದ ಅಂಟಿಸಿದೆವು. ಮೊರಕ್ಕೆ ಮೂರು ಕಡೆ ಅಂಚು ಇರುವುದರಿಂದ ಬೆಳಕು ಆಚೆ ಈಚೆ ಚೆಲ್ಲದೆ ಮುಂದೆ ಬರುತ್ತದೆ. ಅಮ್ಮ "ಜ್ವಾಳಾ ಹಸನ ಮಾಡೂದಕ್ಕ ಏನ ಮಾಡಲಿ?" ಎಂದು ಕೇಳಿದಳು. ಮುಂದಿನ ಸಂತೆಯಲ್ಲಿ ಹೊಸ ಮೊರ ತಂದುಕೊಟ್ಟ ಮೇಲೆ ಆ ತಕರಾರು ಮುಗಿಯಿತು. ಕಾಗದ ಅಚ್ಚಬಿಳಿ ಇರಬೇಕು, ಇದು ಮುಖ್ಯ. ಹಳದಿ ಗೋಡೆಗೆ ಬಡಿದ ಬೆಳಕು ಮುಖವನ್ನೂ ಹಳದಿ ಮಾಡುತ್ತದೆ, ಹಸಿರು ಗೋಡೆಯಾದರೆ ಕೇಳುವುದೇ ಬೇಡ.

ಇನ್ನು ಲೆಕ್ಕ. ಪ್ರತಿ ಫ್ಲಾಶಿಗೂ ಗೈಡ್ ನಂಬರ್ ಎಂದು ಒಂದು ಅಂಕಿ ಇರುತ್ತದೆ. ನಮ್ಮದಕ್ಕೆ 100 ವೇಗದ ರೋಲಿನಲ್ಲಿ 20. ಆ ಅಂಕಿಯನ್ನು ಮೀಟರಿನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಲೆನ್ಸಿನ ತೆರವು ಎಷ್ಟಿರಬೇಕೆಂದು ಬರುತ್ತದೆ. ಫ್ಲಾಶಿನಿಂದ ಮೊರಕ್ಕೆ ಅರ್ಧ ಮೀಟರ್, ಮೊರದಿಂದ ಮುಖಕ್ಕೆ ಒಂದೂವರೆ ಮೀಟರ್, ಒಟ್ಟು 2. ಭಾಗಿಸಿದರೆ ಎಫ್ 10. ಮೊರಕ್ಕೆ ಬಡಿದು ಬರುವಾಗ ಬೆಳಕು ಕಾಲು ಪಾಲಿನಷ್ಟೇ ಉಳಿದೀತು ಎಂದು ಹಿಡಿದರೆ ಎಫ್ 5ರ ಹತ್ತಿರ. ಎಫ್ 5.6, ಎಫ್ 4, ಎಫ್ 2.8 ಹೀಗೆ ಮೂರು ರೀತಿ ತೆಗೆಯುವುದೆಂದು ಬರೆದಿಟ್ಟುಕೊಂಡೆವು. ಕಲರ್ ನೆಗೆಟಿವ್ ರೋಲು ಬೆಳಕು ಸ್ವಲ್ಪ ಹೆಚ್ಚಾದರೆ ತಾಳಿಕೊಳ್ಳುತ್ತದೆ, ಕಡಿಮೆಯಾದರೆ ತಾಳುವುದಿಲ್ಲ.

ಕೊನೆಯದು ಜಾಗದ ಪರೀಕ್ಷೆ. ಆಯಿಯನ್ನು ಗಂಟೆಗಟ್ಟಲೆ ಕೂಡಿಸುವಂತಿರಲಿಲ್ಲ. ಒಂದು ಹಿತ್ತಾಳೆಯ ಕೊಡವನ್ನು ಕುರ್ಚಿಯ ಮೇಲೆ ಇಟ್ಟು, ಅದಕ್ಕೆ ಆಯಿಯದೇ ಹಳೆಯ ಕನ್ನಡಕ ಏರಿಸಿದೆವು. ಫ್ಲಾಶಿನ ಬದಲು ಒಬ್ಬ ಬ್ಯಾಟರಿ ಹಿಡಿದು ಮೊರಕ್ಕೆ ಬೆಳಕು ಬಿಡುವುದು, ಇನ್ನೊಬ್ಬ ಕ್ಯಾಮೆರಾದ ಜಾಗದಿಂದ ನೋಡುವುದು. ಕನ್ನಡಕದಲ್ಲಿ ಮೊರದ ಬಿಳಿ ಬಿಂಬ ಕಂಡರೆ ಮೊರವನ್ನು ಇನ್ನಷ್ಟು ಮೇಲೆ, ಇನ್ನಷ್ಟು ಬದಿಗೆ ಸರಿಸುವುದು. ಆ ದಪ್ಪ ಗಾಜಿನ ಮೈ ಉಬ್ಬಿದ್ದರಿಂದ ಎಲ್ಲ ಕಡೆಯ ಬೆಳಕನ್ನೂ ಹಿಡಿಯುತ್ತಿತ್ತು. ತಲೆಗಿಂತ ಎರಡು ಅಡಿ ಮೇಲೆ, ಎಡಗಡೆ ಸುಮಾರು 45 ಅಂಶದ ಓರೆಯಲ್ಲಿ ಮೊರ ನಿಂತಾಗ ಬಿಂಬ ಗಾಜಿನ ಮೇಲಂಚಿಗೆ ಸರಿದು ಕಣ್ಣಿನ ಜಾಗ ತೆರವಾಯಿತು. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರೆ ಗಾಜು ಕೆಳಮುಖವಾಗಿ ಉಳಿದ ಬಿಂಬವೂ ಹೋಗುತ್ತದೆ ಎಂಬುದನ್ನು ಆಗಲೇ ಕಂಡುಕೊಂಡೆವು. ನೆಲದ ಮೇಲೆ ಕುರ್ಚಿಗೆ, ಕ್ಯಾಮೆರಾಕ್ಕೆ, ಮೊರ ಹಿಡಿಯುವವನ ಕಾಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿದೆವು.

ಮರುದಿನ ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಆಯಿ ಬಂದು ಕುಳಿತಳು. ಸೆರಗು ಎಳೆದುಕೊಳ್ಳಲು ಹೋದಳು. "ಆಯಿ, ಇರಲಿ ಬಿಡು, ನಾವ ಅದೀವಿ" ಎಂದೆವು. ಮೊರ ನೋಡಿ ನಕ್ಕಳು. "ನನ್ನ ಕೇರತೀರೇನಪಾ?" ಎಂದಳು. ಆ ನಗು ಮುಖದಲ್ಲಿ ಇರುವಾಗಲೇ ಮೊದಲನೆಯದನ್ನು ತೆಗೆದೆವು. ಫ್ಲಾಶ್ ಎದುರಿಗೆ ಇರಲಿಲ್ಲವಾದ್ದರಿಂದ ಆಕೆ ಬೆಚ್ಚಲೂ ಇಲ್ಲ, ಕಣ್ಣು ಮುಚ್ಚಲೂ ಇಲ್ಲ. ಒಟ್ಟು ಒಂಬತ್ತು ತೆಗೆದೆವು. ನಡುನಡುವೆ ಕೆಂಪು ದೀಪ ಹತ್ತುವವರೆಗೆ ಕಾಯುವಾಗ ಆಕೆ ತನ್ನ ತವರಿನ ಬಾವಿಯ ಸುದ್ದಿ ಹೇಳುತ್ತಿದ್ದಳು.

ಪ್ರಿಂಟು ಸೋಲಾಪುರದಿಂದ ಬರಲು ಆರು ದಿನ ಬೇಕಾಯಿತು. ಒಂಬತ್ತರಲ್ಲಿ ನಾಲ್ಕು ಚೆನ್ನಾಗಿ ಬಂದಿದ್ದವು, ಎಫ್ 4ರಲ್ಲಿ ತೆಗೆದವು ಎಲ್ಲಕ್ಕಿಂತ ಮೇಲು. ಹಣೆಯ ಗೆರೆ, ಗದ್ದದ ಹಚ್ಚೆ, ಗಾಜಿನ ಹಿಂದೆ ಎರಡು ಕಣ್ಣು. ದಪ್ಪ ಕನ್ನಡಕ ಕಣ್ಣನ್ನು ಹಿಗ್ಗಿಸಿ ತೋರಿಸುವುದರಿಂದ ಅವು ದೊಡ್ಡದಾಗಿಯೇ ಕಾಣುತ್ತಿದ್ದವು. ಆಯಿ ಫೋಟೋವನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು. "ಇಷ್ಟ ದೊಡ್ಡ ಕಣ್ಣ ಅದಾವೇನ ನನಗ?" ಎಂದಳು. ಆಮೇಲೆ ಸ್ವಲ್ಪ ತಡೆದು, "ನಮ್ಮವ್ವನ ಕಣ್ಣ ಹಿಂಗ ಇದ್ದೂವು" ಎಂದಳು. ನಮ್ಮ ಮುತ್ತಜ್ಜಿಯ ಫೋಟೋ ಎಲ್ಲಿಯೂ ಇಲ್ಲ. ಆಕೆ ಹೇಗಿದ್ದಳೆಂದು ಹೇಳಬಲ್ಲವರು ಆಯಿಯೊಬ್ಬಳೇ. ಆಯಿ 2001ರಲ್ಲಿ ತೀರಿಕೊಂಡಳು. ಆಕೆಯ ನಾಲ್ವರು ಮಕ್ಕಳ ಮನೆಗಳಲ್ಲಿಯೂ ಈಗ ಅದೇ ಫೋಟೋ ಇದೆ.

ಆ ತಂತಿ, ಮೊರ ಆಮೇಲೆಯೂ ಸುಮ್ಮನೆ ಕೂಡಲಿಲ್ಲ. ಎರಡನೆಯ ಒಂದು ಫ್ಲಾಶಿಗೆ ಬೆಳಕು ಕಂಡರೆ ತಾನೇ ಹಾರುವ ಸಣ್ಣ ಸ್ಲೇವ್ ಸೆಲ್ ಹಚ್ಚಿದೆವು. ಕಾಕಾನ ಮಗಳ ಮದುವೆಯಲ್ಲಿ ಅದನ್ನು ಕಂಬಕ್ಕೆ ಕಟ್ಟಿದಾಗ ಬಂದವರ ಕ್ಯಾಮೆರಾಗಳಿಗೆಲ್ಲ ಅದು ನಿಷ್ಠೆಯಿಂದ ಉತ್ತರ ಕೊಡುತ್ತ, ಊಟದ ಹೊತ್ತಿಗೆ ಸೆಲ್ಲು ಮುಗಿಸಿಕೊಂಡಿತು. ನೋಡುವವರಿಗೆ ಒಳ್ಳೆಯ ಮೋಜು.

ಇನ್ನೊಂದು ಉಪಯೋಗ ನಮ್ಮ ಭಾಗಕ್ಕೆ ಬಹಳ ಹೊಂದುವಂಥದು. ಸೋಲಾಪುರ ಜಿಲ್ಲೆಯಲ್ಲಿ ಹಳೆಯ ಕನ್ನಡ ಶಾಸನಗಳು ಬಹಳ. ನಮ್ಮೂರ ಹೊಲದ ಬದುವಿನಲ್ಲಿಯೂ ಅಕ್ಷರವಿರುವ ಒಂದು ವೀರಗಲ್ಲು ಇದೆ. ಮಳೆಗಾಳಿಗೆ ಸವೆದ ಅಂತಹ ಅಕ್ಷರ ಹಗಲು ಬೆಳಕಿನಲ್ಲಿ ಕಾಣುವುದಿಲ್ಲ, ಎದುರಿನ ಫ್ಲಾಶಿನಲ್ಲಂತೂ ಕಲ್ಲು ಬೋಳಾಗಿ ಬರುತ್ತದೆ. ಸಂಜೆ ಕತ್ತಲಾದ ಮೇಲೆ ಫ್ಲಾಶನ್ನು ತಂತಿಯ ತುದಿಯಲ್ಲಿ ಕಲ್ಲಿನ ಪಕ್ಕಕ್ಕೆ ಒಯ್ದು, ಮೊರವಿಲ್ಲದೆ, ಕಲ್ಲಿನ ಮೈ ಸವರುವ ಹಾಗೆ ಹಾರಿಸಿದೆವು. ಇಲ್ಲಿ ನೆರಳು ಹರಿತವಾಗಿಯೇ ಬೇಕು. ಪ್ರತಿ ಗೀರಿನಲ್ಲಿಯೂ ನೆರಳು ತುಂಬಿ ಅಕ್ಷರ ಎದ್ದು ನಿಂತವು. ಎಡ, ಬಲ, ಮೇಲೆ ಎಂದು ಬೇರೆ ಬೇರೆ ಕಡೆಯಿಂದ ತೆಗೆದರೆ ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ. ಅಕ್ಷರ ಓದಲು ಕಲ್ಲಿಗೆ ಸುಣ್ಣ ಬಳಿಯುವುದು, ಗೀಚುವುದು ಯಾವುದೂ ಬೇಡ. ಇದಕ್ಕೆ ಈಗ ಫ್ಲಾಶೂ ಬೇಡ. ಒಂದು ಮೊಬೈಲಿನಿಂದ ಚಿತ್ರ ತೆಗೆಯುತ್ತ, ಇನ್ನೊಂದರ ಟಾರ್ಚನ್ನು ಬದಿಯಿಂದ ಹಿಡಿದರೆ ಆಯಿತು.

ಹಳೆಯ ಫ್ಲಾಶ್ ಮನೆಯಲ್ಲಿ ಬಿದ್ದಿದೆ, ಹೊಸ ಡಿಜಿಟಲ್ ಕ್ಯಾಮೆರಾದ ಮೇಲೆ ಹಾಕೋಣ ಎಂದು ಹೊರಡುವವರಿಗೆ ಒಂದು ಎಚ್ಚರಿಕೆ. ಹಳೆಯ ಕ್ಯಾಮೆರಾದಲ್ಲಿ ಫ್ಲಾಶಿನ ಸ್ವಿಚ್ಚು ಲೋಹದ್ದು, ಇನ್ನೂರು ವೋಲ್ಟು ತಾಳುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಆ ಕೆಲಸ ಇಲೆಕ್ಟ್ರಾನಿಕ್ ಬಿಡಿಭಾಗದ್ದು. ಕೆಲವು ಮಾದರಿಗಳು 250 ವೋಲ್ಟು ತಾಳುತ್ತವೆ, ಕೆಲವಕ್ಕೆ 6 ವೋಲ್ಟು ದಾಟಿದರೆ ಕೇಡು. ಕ್ಯಾಮೆರಾದ ಪುಸ್ತಿಕೆ ನೋಡಿ, ಫ್ಲಾಶಿನ ಕೆಂಪು ದೀಪ ಹತ್ತಿದ ಮೇಲೆ ಕೊಂಡಿಯ ನಡು ಬಿಂದುವಿಗೂ ಬದಿಯ ಪಟ್ಟಿಗೂ ನಡುವೆ ಎಷ್ಟು ವೋಲ್ಟು ಇದೆ ಎಂದು ಬಲ್ಲವರಿಂದ ಡಿಜಿಟಲ್ ಮೀಟರಿನಲ್ಲಿ ಅಳೆಸಿಕೊಳ್ಳಬೇಕು. ಹೆಚ್ಚಿದ್ದರೆ ತಂತಿಯಿಲ್ಲದೆ ಹಾರಿಸುವ ರೇಡಿಯೋ ಟ್ರಿಗರ್ ಅಗ್ಗಕ್ಕೆ ಸಿಗುತ್ತದೆ. ಆ ಟ್ರಿಗರ್ ಎಷ್ಟು ವೋಲ್ಟು ತಾಳುತ್ತದೆ ಎಂದು ನೋಡಿಕೊಂಡು ಕೊಳ್ಳಬೇಕು. ಬಹಳ ದಿನ ಉಪಯೋಗಿಸದ ಫ್ಲಾಶಿನ ಕೆಪ್ಯಾಸಿಟರ್ ಸೊರಗುತ್ತದೆ. ತಿಂಗಳಿಗೊಮ್ಮೆ ಸೆಲ್ಲು ಹಾಕಿ ನಾಲ್ಕಾರು ಸಲ ಹಾರಿಸಿ, ಸೆಲ್ಲು ತೆಗೆದಿಡಬೇಕು. ಫ್ಲಾಶನ್ನು ಯಾರದೇ ಕಣ್ಣಿನ ಹತ್ತಿರ ಹಿಡಿದು ಹಾರಿಸಬಾರದು.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲಿದೆ, ಪ್ರತಿ ಮೊಬೈಲಿನಲ್ಲಿಯೂ ಲೆನ್ಸಿನ ಪಕ್ಕಕ್ಕೇ ಒಂದು ಪುಟ್ಟ ದೀಪವಿದೆ. ಅಂದರೆ ಬೆಳಕು ಮತ್ತೆ ಅದೇ ಕೆಟ್ಟ ಜಾಗಕ್ಕೆ ಬಂದು ಕುಳಿತಿದೆ. ಮನೆಯ ಹಿರಿಯರ ಫೋಟೋ ತೆಗೆಯುವಾಗ ಅದನ್ನು ಆರಿಸಿಬಿಡಿ. ಹಗಲಾದರೆ ಬಾಗಿಲಿನ ಬದಿಗೆ ಕೂಡಿಸಿರಿ. ರಾತ್ರಿಯಾದರೆ ಇನ್ನೊಬ್ಬರಿಗೆ ಟಾರ್ಚ್ ಕೊಟ್ಟು, ಬಿಳಿ ಗೋಡೆಗೋ ಬಿಳಿ ಧೋತರಕ್ಕೋ ಬೆಳಕು ಬಡಿದು ಬರುವಂತೆ ಮಾಡಿರಿ. ಈ ಸಂಚಿಕೆ ಓದಿ ಕೆಳಗಿಟ್ಟ ಮೇಲೆ ನಿಮ್ಮ ಆಲ್ಬಮ್ ಒಮ್ಮೆ ತೆರೆಯಿರಿ. ಅಜ್ಜ, ಆಯಿ, ಕಾಕು, ಸೋದರತ್ತೆ ಎಂದು ಒಬ್ಬೊಬ್ಬರನ್ನೇ ಹುಡುಕಿ, ಅವರ ಕಣ್ಣು ಸ್ಪಷ್ಟ ಕಾಣುವ ಫೋಟೋ ಒಂದಾದರೂ ಇದೆಯೇ ನೋಡಿರಿ. ಇಲ್ಲದವರ ಹೆಸರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಮುಂದಿನ ರಜೆಗೆ ಊರಿಗೆ ಹೋದಾಗ ಮೊದಲು ಅವರ ಹತ್ತಿರ ಹೋಗಿರಿ.